ಚೆನ್ನಾಗಿರುವ ರಸ್ತೆಗೂ ಒಂದು ಸರದಿ

ನಮ್ಮ ರಸ್ತೆ ಇಲಾಖೆಯ ಕಚೇರಿಯಲ್ಲಿ ನನಗೆ ಒಣಮೆಣಸಿನಕಾಯಿ ಅಂತ ಹೆಸರಿದೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟರ ಮಟ್ಟಿಗೆ ಭಯವಿದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನೀವೇ ಹೇಳಿ, ಜಿಲ್ಲೆಯ ರಸ್ತೆಗಳ ದುರಸ್ತಿಗೆ ಯೋಜನೆ ಮಾಡು ಅಂತ ಕುರ್ಚಿ ಕೊಟ್ಟು, ದುರಸ್ತಿಗೆ ಮಾತ್ರ ಕಾಸು ಕೊಡದಿದ್ದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಹೊಸ ರಸ್ತೆ ಅಂದರೆ ಸಾಲ ಕೊಡುವವರು ನಾ ಮುಂದು ತಾ ಮುಂದು ಅಂತ ಬರುತ್ತಾರೆ. ರಿಬ್ಬನ್ ಕತ್ತರಿಸುವವರು ಬರುತ್ತಾರೆ, ಫೋಟೋ ತೆಗೆಯುವವರು ಬರುತ್ತಾರೆ. ಅದೇ ರಸ್ತೆಯ ಚರಂಡಿಯಲ್ಲಿ ಮಣ್ಣು ತುಂಬಿದೆ, ಅಂಚು ಬಿರುಕು ಬಿಟ್ಟಿದೆ, ಸ್ವಲ್ಪ ಕೊಡಿ ಅಂದರೆ ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಬರುವ ಅಷ್ಟಿಷ್ಟು ದುರಸ್ತಿ ಹಣಕ್ಕೂ ಒಂದು ನಿಯಮವಿತ್ತು: ಎಲ್ಲಕ್ಕಿಂತ ಹಾಳಾದ ರಸ್ತೆಗೆ ಮೊದಲು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಪೂರ್ತಿ ಕಿತ್ತುಹೋದ ಒಂದೇ ಒಂದು ರಸ್ತೆಯನ್ನು ಬುಡದಿಂದ ಕಟ್ಟುವಷ್ಟರಲ್ಲಿ ಗಂಟು ಖಾಲಿ. ಆ ಹೊತ್ತಿಗೆ ನಿನ್ನೆಯವರೆಗೂ ಚೆನ್ನಾಗಿದ್ದ ರಸ್ತೆಗಳು ಒಂದೊಂದಾಗಿ ಹಾಳಾಗಿ ಸಾಲಿಗೆ ಬಂದು ನಿಲ್ಲುತ್ತಿದ್ದವು. ಸೂರು ಸೋರಿದರೆ ಒಡೆದ ಹೆಂಚು ಬದಲಿಸುತ್ತೇವೋ, ಗೋಡೆ ಬೀಳಲಿ ಅಂತ ಕಾಯುತ್ತೇವೋ?

ಇದನ್ನು ಮುಖ್ಯ ಎಂಜಿನಿಯರ್ ಮುಂದೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಏನು ಕೇಳಿದರೂ ನೋಡೋಣ ಅನ್ನುವ ಮನುಷ್ಯ ಅವರು, ಹಾಗಾಗಿ ಕಚೇರಿಯಲ್ಲಿ ಅವರ ಹೆಸರೇ ನೋಡೋಣ ಸಾಹೇಬರು. ಈ ಸಲ ನನ್ನ ಕಾಟ ತಾಳಲಾರದೆಯೋ ಏನೋ, ಒಪ್ಪಿದರು. ಇನ್ನೂ ಚೆನ್ನಾಗಿರುವ ಒಂದು ರಸ್ತೆಗೆ ಸ್ವಲ್ಪ ಹಣ, ಒಂದು ಮಳೆಗಾಲದ ಪರೀಕ್ಷೆ. ರಸ್ತೆ ಉಳಿದರೆ ಮುಂದಿನ ವರ್ಷದಿಂದ ದುರಸ್ತಿ ಹಣದಲ್ಲಿ ಒಂದು ಪಾಲನ್ನು ಚೆನ್ನಾಗಿರುವ ರಸ್ತೆಗಳಿಗೇ ತೆಗೆದಿಡುವುದು. ಕೆಟ್ಟರೆ ನಾನು ಈ ವಿಷಯದಲ್ಲಿ ಮತ್ತೆ ಬಾಯಿ ತೆರೆಯಬಾರದು.

ನಾನು ಆರಿಸಿದ್ದು ಗುಡ್ಡದ ಮೇಲಿನ ಊರಿನ ರಸ್ತೆ. ಅದು ನನ್ನ ಅಕ್ಕನ ಊರು. ಕಚೇರಿಯಲ್ಲಿ ಗುಸುಗುಸು ಎದ್ದಿತು, ಏಳಲಿ ಬಿಡಿ. ಡಾಂಬರು ಇನ್ನೂ ಗಟ್ಟಿಯಾಗಿತ್ತು, ಚರಂಡಿ ಮಾತ್ರ ಮುಚ್ಚುತ್ತಾ ಬಂದಿತ್ತು. ಅಂಥ ರಸ್ತೆ ಬೇರೆಲ್ಲೂ ಸಿಗಲಿಲ್ಲ. ಅಕ್ಕ ಅಲ್ಲೇ ಬಾಡಿಗೆ ವ್ಯಾನ್ ಓಡಿಸುತ್ತಾಳೆ. ಬೆಳಿಗ್ಗೆ ತರಕಾರಿ ಮೂಟೆಗಳು, ಆಮೇಲೆ ಶಾಲೆಯ ಮಕ್ಕಳು, ನಡುವೆ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆ. ಭಾವ ಹಿಂದೆ ಕೂತು ಸಾಮಾನು ಇಳಿಸುತ್ತಾರೆ, ಬಾಡಿಗೆ ವಸೂಲಿ ಮಾಡುತ್ತಾರೆ. ಭಾವ ಬಾಯಿ ಬಿಡುವುದು ವ್ಯಾನ್ ಕೆಟ್ಟಾಗ ಮಾತ್ರ.

ಮಳೆಗೆ ಮೊದಲೇ ಚರಂಡಿ ಗೋರಿಸಿದೆ, ಬಿರುಕುಗಳಿಗೆ ಡಾಂಬರು ಹುಯ್ಯಿಸಿದೆ. ಗುಡ್ಡದ ನೀರು ರಸ್ತೆಯ ಅಡಿಯಿಂದ ಆಚೆ ದಾಟಲು ದೊಡ್ಡ ತಿರುವಿನ ಹತ್ತಿರ ಒಂದು ಮೋರಿಯಿದೆ. ಅದರೊಳಗೆ ಒಂದು ಎಲೆಯೂ ಉಳಿಯದ ಹಾಗೆ ನಾನೇ ನಿಂತು ತೆಗೆಸಿದೆ. ಮನಸ್ಸಿಗೆ ಎಷ್ಟು ನೆಮ್ಮದಿಯಾಗಿತ್ತೆಂದರೆ ಅವತ್ತು ಕಚೇರಿಯಲ್ಲಿ ಯಾರನ್ನೂ ಬೈಯಲಿಲ್ಲ.

ಮೊದಲ ಜೋರು ಮಳೆ ಹೊಡೆದಾಗ ಜೀಪು ಹತ್ತಿ ನೋಡಲು ಹೋದೆ. ತಿರುವು ಬರುತ್ತಲೇ ಜೀಪು ನಿಲ್ಲಿಸಬೇಕಾಯಿತು. ಮೋರಿಯಲ್ಲಿ ಹರಿಯಬೇಕಾದ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು, ಡಾಂಬರಿನ ಅಂಚು ಕರಗಿ ಕೆಳಗೆ ಬೀಳುತ್ತಿತ್ತು. ಮರ ಬಿದ್ದು ಅಡ್ಡವಾಗಿರಬೇಕು ಅಂದುಕೊಂಡು ಇಳಿದು ನೋಡಿದರೆ, ಮೋರಿಯ ಬಾಯಿಗೆ ಮಣ್ಣು ತುಂಬಿದ ಮೂಟೆಗಳು. ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದರು. ಮೂಟೆಗಳ ಬಾಯಿಗೆ ಹಸಿರು ದಾರದ ದಪ್ಪ ಹೊಲಿಗೆ. ಆ ಹೊಲಿಗೆ ನನಗೆ ಗೊತ್ತು, ನಮ್ಮ ಭಾವ ತರಕಾರಿ ಮೂಟೆಗೆ ಹಾಕುವುದೇ ಅದನ್ನು.

ಅಕ್ಕನ ಮನೆಗೆ ಹೋದಾಗ ನನ್ನ ಮೈಯಿಂದ ನೀರು ಸುರಿಯುತ್ತಿತ್ತು, ಬಾಯಿಂದ ಬೈಗುಳ. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ವ್ಯಾನಿನ ಯಾವುದೋ ಬಿಡಿಭಾಗಕ್ಕೆ ಬಟ್ಟೆಯಿಂದ ಎಣ್ಣೆ ಸವರುತ್ತಿದ್ದಳು. ನನ್ನ ಮೇಲೊಂದು ಟವೆಲ್ ಎಸೆದು, ಪೂರ್ತಿ ಬೈದು ಮುಗಿಸಲಿ ಅಂತ ಕಾದಳು.

"ಹೂಂ, ನಾವೇ ಇಟ್ಟಿದ್ದು. ಊರೋರೆಲ್ಲ ಸೇರಿಯೇ ಇಟ್ಟಿದ್ದು" ಅಂದಳು. "ನೀನೇ ತಾನೇ ಹೇಳಿದ್ದು, ಊಟಕ್ಕೆ ಕೂತಾಗ? ನಿಮ್ಮ ಆಫೀಸಲ್ಲಿ ರಸ್ತೆ ಪೂರ್ತಿ ಹಾಳಾದ್ರೇನೇ ದುಡ್ಡು ಅಂತ. ಅದಕ್ಕೇ ಹಾಳು ಮಾಡ್ತಿದೀವಿ."

ಹೌದು, ಹೇಳಿದ್ದೆ. ಹೊಟ್ಟೆಯುರಿಗೆ ಇಲಾಖೆಯನ್ನು ಬೈದು ಆಡಿದ ಮಾತು ಅದು. ಅದನ್ನು ಇವಳು ತಂಗಿ ಕೊಟ್ಟ ಉಪಾಯ ಅಂದುಕೊಂಡು ಊರಿಗೆಲ್ಲ ಹಂಚಿದ್ದಳು. ಹೊಳೆಯಾಚೆಯ ಊರಿನ ರಸ್ತೆ ಕೊಚ್ಚಿಹೋಗಿತ್ತಂತೆ, ಈಗ ಅಲ್ಲಿ ಎರಡು ಲಾರಿ ಒಟ್ಟಿಗೆ ಹೋಗುವಷ್ಟು ಅಗಲದ ಹೊಸ ರಸ್ತೆಯಂತೆ. ನಮ್ಮ ನಿಯಮದ ಪ್ರಕಾರ ಅಕ್ಕನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ನನಗೆ ಇನ್ನಷ್ಟು ಉರಿದದ್ದು ಅದಕ್ಕೇ.

"ಇದು ಹಾಳಾದ ತಕ್ಷಣ ಹೊಸದು ಬರುತ್ತೆ ಅಂದ್ಕೊಂಡ್ಯಾ?" ಅಂದೆ. "ನಿಮಗಿಂತ ಮುಂದೆ ಎಷ್ಟೋ ರಸ್ತೆ ಸಾಲಲ್ಲಿ ನಿಂತಿವೆ ಅಕ್ಕ. ನಿಮ್ಮ ಸರದಿ ಬರೋ ಹೊತ್ತಿಗೆ ನಿನ್ನ ವ್ಯಾನಲ್ಲಿ ಹೋಗೋ ಮಕ್ಕಳಿಗೆ ಮಕ್ಕಳಾಗಿರ್ತವೆ. ಅಲ್ಲೀವರೆಗೆ ವ್ಯಾನನ್ನ ತಲೆ ಮೇಲೆ ಹೊತ್ಕೊಂಡು ಇಳೀತೀಯಾ?"

ಅಕ್ಕ ಎಣ್ಣೆಬಟ್ಟೆ ಕೆಳಗಿಟ್ಟಳು. ಹೋದ ವರ್ಷ ಆ ತಿರುವಿನಲ್ಲಿ ಲಾರಿಗೆ ದಾರಿ ಬಿಡಲು ಹೋಗಿ ವ್ಯಾನಿನ ಹಿಂದಿನ ಚಕ್ರ ಅಂಚಿನಿಂದ ಜಾರಿತ್ತಂತೆ. ಒಳಗೆ ಶಾಲೆಯ ಮಕ್ಕಳು. ಒಂದು ಮರಕ್ಕೆ ಒರಗಿ ನಿಂತಿದ್ದರಿಂದ ಬಚಾವಾದರು. ಇದನ್ನು ಅವಳು ನನಗೆ ಅದುವರೆಗೆ ಹೇಳಿರಲೇ ಇಲ್ಲ.

"ಈ ರಸ್ತೆ ಹೀಗೇ ಚೆನ್ನಾಗಿದ್ರೆ ನಮಗೆ ಸಿಗೋದು ಅದೇ ಇಕ್ಕಟ್ಟು" ಅಂದಳು. "ಚರಂಡಿ ಗೋರಿಸೋಕೆ ಬಂದ್ಯಲ್ಲ, ನಿಮಗೇನು ಬೇಕು ಅಂತ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ಅಳೆದಿದ್ದೆ, ಒಂದು ದಿನವೂ ಅಕ್ಕನ ಪಕ್ಕ ಕೂತು ಆ ತಿರುವು ದಾಟಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಇನ್ನೂ ಜಾಸ್ತಿ ಕೋಪ ಬರುತ್ತದೆ, ಏನು ಮಾಡಲಿ. ಎದ್ದು ಮಳೆಯಲ್ಲೇ ನಡೆದುಕೊಂಡು ಮೋರಿಗೆ ಇಳಿದೆ. ಕೆಳಗಿನ ಮೂಟೆಗೆ ಕೈಹಾಕಿ ಎಳೆದರೆ ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ತಲೆ ಎತ್ತಿದರೆ ಒಂದೇ ಕೊಡೆಯ ಕೆಳಗೆ ಅಕ್ಕ, ಭಾವ.

"ಮೇಲಿನದು ಮೊದಲು ತೆಗಿ. ಇಲ್ಲಾಂದ್ರೆ ಎಲ್ಲ ನಿನ್ನ ಮೇಲೇ ಬೀಳುತ್ತೆ" ಅಂದರು ಭಾವ. ವ್ಯಾನ್ ಕೆಡದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ತಿರುವಲ್ಲಿ ಜಾಗ ಮಾಡಿಸ್ತೀಯಾ?" ಅಕ್ಕ ಕೇಳಿದಳು.

ದುಡ್ಡು ನನ್ನದಲ್ಲ, ಹೂಂ ಅನ್ನಲು ಬಾಯಿ ಬರಲಿಲ್ಲ. "ಕೇಳ್ತೀನಿ ಅಕ್ಕ. ಆಗಲ್ಲ ಅಂದ್ರೆ, ಆಗಲ್ಲ ಅಂತ ನಾನೇ ಬಂದು ಹೇಳ್ತೀನಿ. ಸುಳ್ಳು ಹೇಳಿ ಹೋಗಲ್ಲ."

ಅಕ್ಕ ಕೊಡೆಯನ್ನು ಭಾವನ ಕೈಗೆ ಕೊಟ್ಟು, ತೋಳು ಮಡಚಿ ನೀರಿಗೆ ಇಳಿದಳು. ಮೂಟೆ ಇಟ್ಟ ಊರವರ ಕೈಗಳೇ ಒಂದೊಂದಾಗಿ ಬಂದು ಸೇರಿದವು. ಮೋರಿ ಬಾಯಿಬಿಟ್ಟು ನೀರು ನುಗ್ಗಿದಾಗ ಎಲ್ಲರ ಮುಖಕ್ಕೂ ಕೆಸರು ರಾಚಿತು. ಅಕ್ಕ ನನ್ನ ಮುಖ ನೋಡಿ ಹೊಟ್ಟೆ ಹಿಡಿದು ನಕ್ಕಳು. ಆ ಮೂಟೆಗಳನ್ನೇ ಕೊರೆದುಹೋಗಿದ್ದ ಅಂಚಿಗೆ ಒತ್ತಾಗಿ ಜೋಡಿಸಿದೆವು.

ಮರುದಿನ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ಮೂಟೆ ಇಡಿಸಿದ್ದು ನನ್ನ ಸ್ವಂತ ಅಕ್ಕ ಅನ್ನುವುದನ್ನೂ. ನನ್ನ ಯೋಜನೆಯ ಕತೆ ಮುಗಿಯಿತು ಅಂದುಕೊಂಡೇ ಹೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಜೀಪು ಬೇಡ, ಆ ವ್ಯಾನನ್ನೇ ಕರೆಸಿ ಅಂದರು. ಮುಂದಿನ ಸೀಟಿನಲ್ಲಿ ಕೂತರು. ತಿರುವಿನಲ್ಲಿ ಸರಿಯಾಗಿ ಒಂದು ಲಾರಿ ಎದುರಾಯಿತು. ಅಕ್ಕ ಏನೂ ಆಗದವಳಂತೆ ವ್ಯಾನನ್ನು ಅಂಚಿನವರೆಗೆ ಹಿಂದಕ್ಕೆ ತೆಗೆದು ನಿಲ್ಲಿಸಿದಳು. ಸಾಹೇಬರು ಎದುರಿನ ಕಂಬಿಯನ್ನು ಹಿಡಿದ ಕೈ ಊರು ಮುಟ್ಟುವವರೆಗೂ ಬಿಡಲಿಲ್ಲ. ಇಳಿದವರು ಮೊದಲು ನೀರು ಕೇಳಿದರು. ಆಮೇಲೆ, ಉಳಿದ ಹಣದಲ್ಲಿ ಆ ತಿರುವಿಗೆ ಕಲ್ಲಿನ ತಡೆಗೋಡೆ ಕಟ್ಟಿ ಒಂದು ವಾಹನ ಪಕ್ಕಕ್ಕೆ ನಿಲ್ಲುವಷ್ಟು ಜಾಗ ಮಾಡಿಸಿ ಅಂದರು. ನೋಡೋಣ ಅನ್ನಲಿಲ್ಲ.

ಆ ಮಳೆಗಾಲ ಕಳೆಯಿತು, ರಸ್ತೆ ಉಳಿಯಿತು. ಚೆನ್ನಾಗಿರುವ ರಸ್ತೆಗಳಿಗೆ ಅಂತ ಒಂದು ಪಾಲು ತೆಗೆದಿಟ್ಟರು. ನಾನು ಕೇಳಿದ್ದರಲ್ಲಿ ಅರ್ಧವೂ ಇಲ್ಲ, ಅದಕ್ಕೆ ಇನ್ನೂ ಜಗಳವಾಡುತ್ತಿದ್ದೇನೆ. ಈಗ ಯಾವ ರಸ್ತೆಯ ಯೋಜನೆ ಬರೆಯುವ ಮೊದಲೂ ಅಲ್ಲಿ ದಿನಾ ಓಡಾಡುವವರ ಗಾಡಿಯಲ್ಲಿ ಒಂದು ಸಲ ಕೂತು ಬರುತ್ತೇನೆ.

ಈ ವರ್ಷದ ಮೊದಲ ಜೋರು ಮಳೆ ಬಂದ ಬೆಳಿಗ್ಗೆ ಕಚೇರಿಯಲ್ಲಿದ್ದೆ. ಅಕ್ಕನ ಫೋನು.

"ಮೋರಿ ಕಟ್ಕೊಂಡಿತ್ತು ಕಣೇ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಯಾರು ಕಟ್ಟಿದ್ದು?"

"ಯಾರೂ ಇಲ್ಲ, ಬರೀ ಎಲೆ, ಕಸ. ನಾವೇ ಹೋಗಿ ತೆಗೆದ್ವಿ, ನೀರು ಚೆನ್ನಾಗಿ ಹೋಗ್ತಿದೆ. ನೀನು ಗಂಟಲು ಹರ್ಕೊಂಡು ಓಡಿ ಬರಬೇಡ ಅಂತ ಫೋನ್ ಮಾಡ್ದೆ, ಅಷ್ಟೇ."

ಒಣಮೆಣಸಿನಕಾಯಿ ಅಳುವುದನ್ನು ಕಚೇರಿಯವರು ನೋಡಬಾರದಲ್ಲ, ಕಿಟಕಿಯ ಕಡೆ ತಿರುಗಿ ನಿಂತೆ.