ನೂಲಿನ ತಾಸು

"ನೂಲೋದು ಕೆಲಸಲ್ರೀ ಅಕ್ಕಾರ. ಸುಮ್ನ ಕುಂತಾಗ ನೂಲತೇವಿ," ಎಂದು ಸಿದ್ದಕ್ಕ ನಕ್ಕುಬಿಟ್ಟಳು.

ಕೇತಕಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಕುರಿಯ ಉಣ್ಣೆ ಕತ್ತರಿಸಲು ಎಷ್ಟು ಹೊತ್ತು, ಹಿಂಜಲು ಎಷ್ಟು, ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಲು ಎಷ್ಟು, ಗಂಡ ಅಪ್ಪಾಸಾಬ ಕುಣಿಮಗ್ಗದಲ್ಲಿ ಕುಳಿತು ಒಂದು ಕಂಬಳಿ ನೇಯಲು ಎಷ್ಟು, ಎಲ್ಲವನ್ನೂ ಸಿದ್ದಕ್ಕ ತಡವರಿಸದೆ ಹೇಳಿದ್ದಳು. ನೂಲುವ ಮಾತಿಗೆ ಮಾತ್ರ ನಗು ಬಂದಿತ್ತು. ನಗುವಾಗಲೂ ಅವಳ ಕೈಯಲ್ಲಿ ನೂಲು ಸುತ್ತುವ ಕದರು ತಿರುಗುತ್ತಲೇ ಇತ್ತು.

"ಹೆಚ್ಚು ಕಡಿಮಿ ಎಷ್ಟು ತಾಸು ಅಂತರ ಹೇಳ್ರಿ. ಆದ್ರ ಒಂದೂ ಹೆಚ್ಚಿಗೆ ಹೇಳಬ್ಯಾಡ್ರಿ, ಕೊಳ್ಳೋ ಸಂಸ್ಥೆಯವರು ತಪಾಸಣಿ ಮಾಡ್ತಾರ," ಎಂದಳು ಕೇತಕಿ.

ಆ ಮಾತು ಸಿದ್ದಕ್ಕನಿಗೆ ಚುಚ್ಚಿತು. ಎದ್ದುಹೋಗಿ ಗೋಡೆಯ ಮಾಡದಲ್ಲಿದ್ದ ಮನೆದೇವರು ಬೀರಪ್ಪನ ಭಂಡಾರದ ಅರಿಷಿಣಪುಡಿ ತೆಗೆದು ಹಣೆಗೆ ಒತ್ತಿಕೊಂಡು ಬಂದಳು. "ಭಂಡಾರ ಮುಟ್ಟಿ ಹೇಳೇನಿ. ನೂಲೋದಕ್ಕ ಏನೂ ಬರೀಬ್ಯಾಡ್ರಿ. ಕೈ ಖಾಲಿ ಇದ್ದಾಗ ಮಾಡಿದ್ದಕ್ಕ ರೊಕ್ಕ ಇಸ್ಕೊಂಡ್ರ ದೇವರು ಮೆಚ್ಚಾಂಗಿಲ್ಲ," ಎಂದಳು.

ಕೇತಕಿ ಜಮಖಂಡಿಯ ವಕೀಲರ ಮನೆತನದವಳು. ದೂರದ ಚಳಿದೇಶದ ಒಂದು ಸಂಸ್ಥೆಗಾಗಿ ಕೈಕಸುಬಿನವರನ್ನು ಹುಡುಕಿಕೊಡುತ್ತಿದ್ದಳು. ಆ ಸಂಸ್ಥೆಯವರು ಪೇಟೆಯ ಧಾರಣೆ ಕೇಳುವುದಿಲ್ಲ, ದಲಾಲರನ್ನು ನಡುವೆ ಬಿಡುವುದಿಲ್ಲ, ದುಡಿದ ತಾಸುಗಳನ್ನು ನೋಡಿ ಬೆಲೆ ಕಟ್ಟುತ್ತಾರೆ. ಅದಕ್ಕೆ ನ್ಯಾಯದ ವ್ಯಾಪಾರ ಎನ್ನುತ್ತಾರೆ ಎಂದು ಅವಳು ಮೊದಲ ಸಲ ವಿವರಿಸಿದಾಗ ಅಪ್ಪಾಸಾಬ ಮಗ್ಗದ ಕುಣಿಯಿಂದಲೇ ಕೇಳಿದ್ದ: "ಹಂಗಾದ್ರ ಇಷ್ಟ ದಿನ ನಡದದ್ದು ಎಂಥಾ ವ್ಯಾಪಾರ್ರಿ?" ಕೇತಕಿ ನಕ್ಕಿದ್ದಳು. ಅವನು ನಗಿಸಲಿಕ್ಕೆ ಕೇಳಿರಲಿಲ್ಲ.

ಚಿಕ್ಕಪಡಸಲಗಿಯ ಈ ಮನೆಯಲ್ಲಿ ಕಂಬಳಿ ಕೊಳ್ಳುವವರು ಬಂದು ಬಹಳ ಕಾಲವಾಗಿತ್ತು. ಜಮಖಂಡಿ, ಮುಧೋಳದ ಅಂಗಡಿಗಳಲ್ಲಿ ಈಗ ಹಡಗಿನ ಉಣ್ಣೆಯ ಯಂತ್ರದ ಕಂಬಳಿಗಳು. ಮೆತ್ತಗೆ, ಬಣ್ಣಬಣ್ಣ, ಅರ್ಧ ಬೆಲೆ. ಸಮುದ್ರದಾಚೆಯ ಕುರಿಯ ಉಣ್ಣೆ ಹಡಗೇರಿ, ಲಾರಿಯೇರಿ ಇಲ್ಲಿಗೆ ಬಂದರೂ ಇಲ್ಲಿಯ ಕುರಿಯ ಉಣ್ಣೆಗಿಂತ ಅಗ್ಗವಾಗುವುದು ಹೇಗೆ ಎಂದು ಅಪ್ಪಾಸಾಬನಿಗೆ ಯಾರೂ ತಿಳಿಸಿ ಹೇಳಲಿಲ್ಲ. ತಿಳಿದವರಿಗೂ ತಿಳಿದಿತ್ತೋ ಇಲ್ಲವೋ. ಹೋದ ವರ್ಷ ಕತ್ತರಿಸಿದ ಉಣ್ಣೆ ಮೂಲೆಯಲ್ಲಿ ಹುಳ ಹಿಡಿದು ಕುಳಿತಿತ್ತು.

ಮಗ ಯಲ್ಲಾಲಿಂಗ ಮಾತ್ರ ಇದಕ್ಕೆ ಪರಿಹಾರ ಕಂಡುಕೊಂಡಿದ್ದ. ಕರಿಕುರಿಗಳನ್ನು ಕೊಟ್ಟು ಎಳಗ ಜಾತಿಯ ಕುರಿ ತರುವುದು. ಎಳಗಕ್ಕೆ ಮೈಮೇಲೆ ಉಣ್ಣೆಯೇ ಇಲ್ಲ. ಬೇಗ ಬೆಳೆದು ತೂಕ ಹಿಡಿಯುತ್ತದೆ, ಮಾಂಸದವರು ಮನೆಬಾಗಿಲಿಗೆ ಬಂದು ಒಯ್ಯುತ್ತಾರೆ. ಲೋಕಾಪುರದ ವ್ಯಾಪಾರಿಯೊಂದಿಗೆ ಅವನು ಮಾತು ಮುಗಿಸಿಯೂ ಬಿಟ್ಟಿದ್ದ. "ಆ ಅಕ್ಕಾರ ಉತ್ತರ ಬರ್ಲಿ. ಕಂಬಳಿ ಹೊಂಟ್ರ ಕುರಿ ಇರತಾವು, ಇಲ್ಲಂದ್ರ ನಿನ್ನ ಮಾತ ಆಗ್ಲಿ," ಎಂದು ಅಪ್ಪಾಸಾಬ ತಡೆದಿದ್ದ.

ಉತ್ತರ ತರಲು ಕೇತಕಿ ತಾನೇ ಸ್ಕೂಟರಿನಲ್ಲಿ ಬಂದಳು. ಮುಖ ನೋಡಿದಾಗಲೇ ಅಪ್ಪಾಸಾಬ ಲಾಳಿ ಕೆಳಗಿಟ್ಟ. ಮಾದರಿಗೆಂದು ಕಳಿಸಿದ್ದ ಕಂಬಳಿ ಸಂಸ್ಥೆಯವರಿಗೆ ಮೆಚ್ಚಿಕೆಯಾಗಿತ್ತು. ಆದರೆ ಅವರು ಕಟ್ಟಿದ ಬೆಲೆಯಲ್ಲಿ ಕಂಬಳಿ ನೇಯಬಹುದಿತ್ತೇ ಹೊರತು ಹಿಂಡನ್ನು ಪೂರಾ ಉಳಿಸಿಕೊಳ್ಳುವಂತಿರಲಿಲ್ಲ. ಅರ್ಧ ಕುರಿಗಳನ್ನಾದರೂ ಮಾರಲೇಬೇಕಿತ್ತು.

"ನೂಲೋದನ್ನ ಅವರು ಲೆಕ್ಕಕ್ಕ ಹಿಡದೇ ಇಲ್ರಿ. ಖರೆ ನೋಡಿದ್ರ ಕಂಬಳ್ಯಾಗ ಅರ್ಧಕ್ಕಿಂತ ಹೆಚ್ಚಿನ ದುಡಿತ ನೂಲಿಂದನೇ," ಎಂದಳು ಕೇತಕಿ. ಅವಳ ದನಿಯಲ್ಲಿ ತಪ್ಪು ತನ್ನದೆಂಬ ಸಂಕಟವಿತ್ತು. "ಇವತ್ತ ತಿದ್ದಿ ಕಳಿಸಿದ್ರ ನಡೀತದ ಅಂದಾರ. ಸಿದ್ದಕ್ಕ, ಇಷ್ಟು ತಾಸು ಅಂತ ಹೇಳಿಬಿಡ್ರಿ."

"ಭಂಡಾರ ಮುಟ್ಟಿ ಹೇಳಿದ್ದನ್ನ ತಿರುಗಿಸ್ಲೇನು?" ಎಂದಳು ಸಿದ್ದಕ್ಕ.

"ಯವ್ವಾ, ಮನಿ ಮುಳುಗಾಕತ್ತೈತಿ, ನಿನ್ನ ಭಂಡಾರ ಏನ ಹಿಡಕೊಂಡ ಕುಂತೀಬೇ!" ಎಂದು ಯಲ್ಲಾಲಿಂಗ ಕೂಗಿದ.

ಕೇತಕಿ ಅವನಿಗೆ ಸುಮ್ಮನಿರುವಂತೆ ಕೈಮಾಡಿ ಸಿದ್ದಕ್ಕನ ಹತ್ತಿರ ಸರಿದು ಕುಳಿತಳು. "ತಾಸು ಬ್ಯಾಡ್ರಿ. ಇಷ್ಟು ಹೇಳ್ರಿ. ಸುಮ್ನ ಕುಂತಾಗ ನೂಲತೇನಿ ಅಂದ್ರಲ್ಲ, ನೂಲೂದು ಇಲ್ಲದ ಸುಮ್ನ ಕುಂತದ್ದು ಯಾವಾಗ?"

ಸಿದ್ದಕ್ಕ ಕೈಯಲ್ಲಿ ತಿರುಗುತ್ತಿದ್ದ ಕದರನ್ನು ಹಿಡಿದು ನಿಲ್ಲಿಸಿದಳು.

ಅವಳು ನೆನಪಿನಲ್ಲಿ ನಿಜವಾಗಿಯೂ ಹುಡುಕಿದಳು. ಯಲ್ಲಾಲಿಂಗನಿಗೆ ಮೊಲೆಯೂಡಿಸುವಾಗ ಕೈಯಲ್ಲಿ ಕದರು. ಅತ್ತೆಯ ಜೀವ ಹೋಗುವ ಹೊತ್ತಿನಲ್ಲಿ ತಲೆದೆಸೆಗೆ ಕುಳಿತಾಗ ಕದರು. ಕುರಿಯ ಹಿಂದೆ ಬೀಳಗಿಯ ಗುಡ್ಡದ ಕಡೆ ನಡೆಯುವಾಗ, ದವಾಖಾನೆಯ ಪಾಳಿಯಲ್ಲಿ ನಿಂತಾಗ, ತವರಿಗೆ ಹೋಗಿ ಅವ್ವನ ಜೊತೆ ಹರಟೆ ಹೊಡೆಯುವಾಗಲೂ ಕದರು. ಮದುವೆಯ ದಿನವೊಂದೇ ನೆನಪಾಯಿತು. ಅಂದು ಕೈತುಂಬ ಅರಿಷಿಣವಿತ್ತು, ನೂಲಿರಲಿಲ್ಲ. ಅದರ ಹಿಂದೆ ಮುಂದೆ ಎಷ್ಟು ಹುಡುಕಿದರೂ ಖಾಲಿ ಕೈ ಸಿಗಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು, ಅದರ ಬೆನ್ನಿಗೇ ಅಳು. ಇಷ್ಟು ದುಡಿದೆನೇ ಎಂದು ಅಲ್ಲ, ದುಡಿದದ್ದು ತನಗೇ ಗೊತ್ತಾಗಲಿಲ್ಲವಲ್ಲ ಎಂದು.

ಕಣ್ಣೊರೆಸಿಕೊಂಡು ಎದ್ದು ಮಾಡದ ಮುಂದೆ ನಿಂತಳು. "ಯಪ್ಪಾ ಬೀರಪ್ಪ, ಗೊತ್ತಿರಲಾರದ ಸುಳ್ಳ ಹೇಳಿದ್ನಿ. ತಪ್ಪಾತು," ಎಂದು ಮತ್ತೆ ಭಂಡಾರ ಹಚ್ಚಿಕೊಂಡು ತಿರುಗಿದಳು. "ಬರೀರಿ ಅಕ್ಕಾರ. ನೂಲೋದು ಕೆಲಸ."

ಕೇತಕಿ ಅವಳನ್ನು ಕೇಳುತ್ತ ಕೇಳುತ್ತ ಹೊಸ ಲೆಕ್ಕ ಹಾಕಿ ಅಲ್ಲಿಂದಲೇ ಫೋನಿನಲ್ಲಿ ಕಳಿಸಿದಳು. ಸಿದ್ದಕ್ಕ ಚಹಾ ಮಾಡಿದಳು. ಇಳಿಹೊತ್ತಿಗೆ ಉತ್ತರ ಬಂತು. ಕೇತಕಿ ಮನಸ್ಸಿನಲ್ಲೇ ಓದಿಕೊಂಡು, ಮತ್ತೊಮ್ಮೆ ಓದಿಕೊಂಡು, ಕೊನೆಗೆ ತಲೆತಗ್ಗಿಸಿ ಹೇಳಿದಳು.

"ತಾಸಿನ ಬಗ್ಗೆ ಅವರ ತಕರಾರಿಲ್ಲ. ನಿಮ್ಮ ದುಡಿತದ ಮ್ಯಾಲ ಬಹಳ ಗೌರವ ಬಂತು ಅಂತ ಬರದಾರ. ಆದ್ರ ಇಷ್ಟು ಬೆಲಿಗೆ ಅಲ್ಲಿ ಯಾರೂ ಕೊಳ್ಳೂದಿಲ್ಲಂತ. ಮೊದಲಿನ ಉತ್ತರನ ಇರಲಿ ಅಂದ್ರ, ನೂಲೋದು ಕೆಲಸಲ್ಲ ಅಂತ ಇಟ್ರ, ಇವತ್ತ ಕಂಬಳಿ ಖಾಯಂ ಮಾಡ್ತಾರಂತ."

ಈ ಸಲ ಯಲ್ಲಾಲಿಂಗ ಕೂಗಲಿಲ್ಲ. ಎಳಗ ತರುತ್ತೇನೆಂದು ವರ್ಷವಿಡೀ ಕುಣಿದವನು ಅವ್ವನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕುಳಿತ. "ಯವ್ವಾ, ಹಳೇ ಮಾತ ಅಂದಬಿಡಬೇ. ಅರ್ಧ ಕುರಿಯರ ಉಳೀತಾವು. ಅಪ್ಪನ ಮಗ್ಗ ಉಳೀತೈತಿ."

ಸಿದ್ದಕ್ಕ ಗಂಡನ ಕಡೆ ನೋಡಿದಳು. ಮಗ್ಗ ನಿಂತರೆ ಆ ಮನುಷ್ಯನಿಗೆ ಬೆಳಗೆದ್ದು ಹೋಗಲು ಜಾಗವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಮೊನ್ನಿ ಗೊತ್ತಿರಲಿಲ್ಲ, ಅಂದ್ನಿ. ಈಗ ಗೊತ್ತಾಗೇತಲ್ಲೋ," ಎಂದಳು ಮಗನಿಗೆ, ಮೆಲ್ಲಗೆ. "ದುಡದದ್ದನ್ನ ದುಡದಿಲ್ಲ ಅಂತ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?"

ಅಪ್ಪಾಸಾಬ ಕುಣಿಯಿಂದ ಮೇಲೆ ಬಂದು ಮೊಣಕಾಲು ನೀವಿಕೊಂಡ. "ಆಕಿ ಅಂದದ್ದು ಖರೆ ಐತಿ. ಲೋಕಾಪುರದಾವಗ ಫೋನ ಮಾಡು," ಎಂದ. ಕೇತಕಿ ಏನೋ ಹೇಳಲು ಹೋದಳು. ಸಿದ್ದಕ್ಕ ಅವಳ ಕೈಹಿಡಿದು, "ನಿಮ್ದೇನ ತಪ್ಪಿಲ್ರಿ. ಕತ್ತಲಾಗೂದ್ರಾಗ ಮನಿ ಮುಟ್ರಿ," ಎಂದು ಬಾಗಿಲತನಕ ಬಂದು ಕಳಿಸಿದಳು.

ಆ ವಾರದಲ್ಲೇ ಲಾರಿ ಬಂದು ಎಳಗಗಳನ್ನು ಇಳಿಸಿ, ಕರಿಕುರಿಗಳನ್ನು ಹೇರಿಕೊಂಡು ಹೋಯಿತು. ಅಪ್ಪಾಸಾಬ ನೋಡಲಿಕ್ಕೆ ನಿಲ್ಲದೆ ಹೊಳೆಯ ಕಡೆ ನಡೆದುಬಿಟ್ಟಿದ್ದ. ಸಿದ್ದಕ್ಕ ದೊಡ್ಡಿಯೊಳಗೆ ಹೋದಳು. ಉದ್ದ ಕಾಲಿನ, ನುಣ್ಣನೆ ಮೈಯ ಕುರಿಗಳು ಹೊಸ ಜಾಗಕ್ಕೆ ಬೆದರಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕತ್ತರಿಸುವ ಮೊದಲು ಉಣ್ಣೆ ಎಷ್ಟು ಬೆಳೆದಿದೆ ಎಂದು ನೋಡುವಂತೆ ಅವಳು ಮುಂದಿನ ಕುರಿಯ ಕುತ್ತಿಗೆಗೆ ಬೆರಳು ಹಾಕಿದಳು. ಬೆರಳು ಜಾರಿತು. ಹಿಡಿಯಲಿಕ್ಕೆ ಏನೂ ಇರಲಿಲ್ಲ.

"ಇವಕ್ಕ ಥಂಡಿ ಹತ್ತೂದಿಲ್ಲೇನೋ?" ಎಂದು ಕೇಳಿದಳು.

ಕುರಿಗಳ ಬಾನಿಗೆ ನೀರು ಸುರಿಯುತ್ತಿದ್ದ ಯಲ್ಲಾಲಿಂಗ ಕೊಡ ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದ. ಸಿದ್ದಕ್ಕ ಕೈ ತೆಗೆಯಲಿಲ್ಲ. ತೆಳ್ಳನೆಯ ಕೂದಲಿನ ಕೆಳಗೆ ಕುರಿಯ ಚರ್ಮ ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು.