ಅದಲುಬದಲಾದ ಮಕ್ಕಳು

ಇಂಗ್ಲೆಂಡಿನ ನಮ್ಮ ಬೋಲ್ಟನ್ ಊರಿನ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಪ್ರತಿಯೊಬ್ಬನ ಬಳಿಯೂ ಒಂದು ಮಗು ಇರಬೇಕು. ಯಂತ್ರ ಓಡುತ್ತಿರುವಾಗಲೇ ಹರಿದ ಎಳೆಗಳನ್ನು ಜೋಡಿಸುವುದು ಅದರ ಕೆಲಸ. ಬೆಳಕು ಹರಿಯುವ ಮುಂಚೆ ಬಂದ ಮಕ್ಕಳು ಮಧ್ಯಾಹ್ನ ದಾಟುತ್ತಲೇ ನಿಂತಲ್ಲೇ ತೂಕಡಿಸುತ್ತವೆ. ತೂಕಡಿಸಿದರೆ ಕೈ ಯಂತ್ರಕ್ಕೆ ಸಿಕ್ಕಿದಂತೆಯೇ. ಎಬ್ಬಿಸಲು ನಮಗೆ ಗೊತ್ತಿದ್ದದ್ದು ಸೊಂಟದ ಪಟ್ಟಿಯ ಏಟು. ಬೇರೆ ದಾರಿ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದೆವು. ಹುಡುಕಿದವರು ಮಾತ್ರ ಒಬ್ಬರೂ ಇಲ್ಲ.

ಪಕ್ಕದ ಮನೆಯ ಜೇಬೆಜ್ ಆರ್ಮರಾಡ್ ತನ್ನ ಮಗಳು ಟೇಮರ್‌ಳನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದ. ಬರಬರುತ್ತಾ ಮನೆಯಲ್ಲೂ, ಅವನು ಟೋಪಿ ತೆಗೆಯಲು ಕೈ ಎತ್ತಿದರೂ ಸಾಕು, ಏಟು ಬಿತ್ತೆಂದು ಹುಡುಗಿ ತಲೆ ಬಗ್ಗಿಸುತ್ತಿದ್ದಳು. ಮಗಳು ತನಗೆ ಹೆದರಬಾರದು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಗಿರಣಿಯ ಮೇಲಿನ ಅಂತಸ್ತಿನಲ್ಲಿ ದುಡಿಯುವ ಎನೋಕ್‌ಗೂ ಅದೇ ಸಂಕಟ. ಅವನ ಬಳಿ ಇದ್ದವನು ಅವನ ಮಗ ಲ್ಯೂಕ್.

“ಎತ್ತಿ ಆಡಿಸಿದ ಕೈಯಲ್ಲೇ ಹೊಡೆಯೋಕಾಗಲ್ಲ ಕಣೋ,” ಎಂದ ಜೇಬೆಜ್, ಹೆಂಡದಂಗಡಿಯಲ್ಲಿ ಕೂತು.

“ಹಂಗಾದ್ರೆ ನಿನ್ನದನ್ನ ನನಗೆ ಕೊಡು, ನನ್ನದನ್ನ ನೀನಿಟ್ಕೋ. ಇಬ್ರೂ ನೆಮ್ಮದಿಯಾಗಿ ನಿದ್ದೆ ಮಾಡೋಣ,” ಎಂದು ಎನೋಕ್ ನಕ್ಕ.

ಅಲ್ಲಿದ್ದ ನಾವೂ ನಕ್ಕೆವು. ಎಂಥ ನಾಚಿಕೆಗೆಟ್ಟ ನಗು!

ಗಿರಣಿಯಲ್ಲಿ ಮಕ್ಕಳು ಅದಲುಬದಲಾದವು. ಮನೆಯಲ್ಲಿ ಟೇಮರ್ ಮತ್ತೆ ಅಪ್ಪನ ತೊಡೆಗೆ ಒರಗತೊಡಗಿದಳು. ಜೇಬೆಜ್ ಹಿರಿಹಿರಿ ಹಿಗ್ಗಿದ. ಲ್ಯೂಕ್ ತೂಕಡಿಸಿದಾಗ ಅವನ ಕೈ ಒಮ್ಮೆಯೂ ಹಿಂದೆಗೆಯಲಿಲ್ಲ. ಮೇಲಿನ ಅಂತಸ್ತಿನಲ್ಲಿ ಏನು ನಡೆಯುತ್ತಿರಬಹುದೆಂದು ಅವನು ಯೋಚಿಸಲೂ ಹೋಗಲಿಲ್ಲ.

ಶನಿವಾರ ಸ್ನಾನಕ್ಕೆಂದು ಹೆಂಡತಿ ಹೆಸ್ಟರ್ ಮಗಳ ಅಂಗಿ ಬಿಚ್ಚಿದವಳೇ ಚೀರಿದಳು. ಬೆನ್ನ ತುಂಬ ಬಾಸುಂಡೆ.

“ಆ ಎನೋಕನ ಕೈ ಮುರೀತೀನಿ!” ಎಂದು ಜೇಬೆಜ್ ದಡದಡನೆ ಹೊರಟ. ಕೂಗು ಕೇಳಿ ನಾನೂ ಹಿಂದೆ ಓಡಿದೆ. ಎನೋಕನ ಬಾಗಿಲು ತಳ್ಳಿದರೆ, ಒಲೆಯ ಮುಂದೆ ಲ್ಯೂಕ್ ಬೋರಲು ಮಲಗಿದ್ದ. ಅವನ ತಾಯಿ ಉರಿ ಆರಲೆಂದು ಬೆನ್ನಿಗೆ ಬಾತುಕೋಳಿಯ ಕೊಬ್ಬು ಸವರುತ್ತಿದ್ದಳು. ಅಲ್ಲೂ ಬಾಸುಂಡೆ, ಇನ್ನೂ ಹೆಚ್ಚು. ಜೇಬೆಜ್‌ನನ್ನು ಕಂಡದ್ದೇ ಹುಡುಗ ಧಡಕ್ಕನೆ ಎದ್ದು ನಿಂತ.

“ನಿದ್ದೆ ಮಾಡ್ತಿರ್ಲಿಲ್ಲ ಮಾಮ! ಸುಮ್ನೆ ಮಲಗಿದ್ದೆ, ಅಷ್ಟೇ!”

ಎನೋಕ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಜೇಬೆಜ್ ಬಂದ ದಾರಿಯಲ್ಲೇ ತಿರುಗಿದ. ಬೈಯಲು ಮುಖವಾದರೂ ಎಲ್ಲಿತ್ತು? ನನಗೂ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದ ಜೇಬೆಜ್ ಮಗಳ ಮುಂದೆ ಕುಕ್ಕರಿಸಿದ. “ಸೋಮವಾರದಿಂದ ನನ್ನ ಹತ್ರಾನೇ ಬಾರವ್ವ.”

“ನಾನು ತೂಕಡಿಸಿದ್ರೆ?”

ಅವನು ಸೊಂಟದ ಪಟ್ಟಿಯನ್ನು ಅಂಗಿಯಿಂದ ಮುಚ್ಚಿಕೊಂಡ.

“ಬೇಡಪ್ಪ,” ಅವಳು ಅವನ ಕೈ ಹಿಡಿದುಕೊಂಡಳು. “ಎನೋಕ್ ಮಾಮ ಹೊಡೆದ್ರೆ ಮನೆಗೆ ಬಂದು ನಿನ್ನ ಹತ್ರ ಅಳ್ತೀನಿ. ನೀನೇ ಹೊಡೆದ್ರೆ ಯಾರ ಹತ್ರ ಹೋಗ್ಲಿ?”

ಸೋಮವಾರ ಗಿರಣಿಯ ಗಂಟೆ ಮೊಳಗಿತು. ಟೇಮರ್ ಎನೋಕನ ಹಿಂದೆ ಮೆಟ್ಟಿಲು ಹತ್ತಿದಳು, ಲ್ಯೂಕ್ ಜೇಬೆಜ್‌ನ ಯಂತ್ರದ ಬಳಿ ನಿಂತ. ಅವರ ಹಿಂದೆ ನಾವೆಲ್ಲ ನಮ್ಮ ನಮ್ಮ ಮಕ್ಕಳ ಕೈ ಹಿಡಿದು ಒಳಗೆ ಹೋದೆವು.