ಟೋಪಿ ಹಾಕಿಕೊಂಡ ಕಾಯಿ

ಲಕ್ವ ಹೊಡೆದ ಮೇಲೆ ಅಜ್ಜಿಯ ಮಾತು ಚೆಲ್ಲಾಪಿಲ್ಲಿಯಾಗಿತ್ತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ದಿನವೂ ಚಿತ್ರದ ಕಾರ್ಡು ಹಿಡಿದು ಬರುತ್ತಿದ್ದರು. ಒಂದು ಚಿತ್ರಕ್ಕೆ ಇವತ್ತು ಹೇಳಿದ ಹೆಸರೇ ನಾಳೆಯೂ ಬಂದರೆ ಮಾತು ನೆಲೆ ನಿಂತಿತೆಂದು ಅರ್ಥ, ಆಮೇಲೆ ಮನೆ. ಇಲ್ಲದಿದ್ದರೆ ವಾರ್ಡಿನ ಅದೇ ಮಂಚ.

ಬಾಚಣಿಗೆ, ಏಣಿ, ಕೊಡೆ ಎಲ್ಲ ಸಲೀಸಾಗಿ ದಾಟಿದ ಅಜ್ಜಿ ಸಿಕ್ಕಿಹಾಕಿಕೊಂಡದ್ದು ಓಕ್ ಮರದ ಕಾಯಿಯ ಹತ್ತಿರ. ಹೆಬ್ಬೆರಳಿನ ತುದಿಯಷ್ಟು ಕಂದು ಕಾಯಿ, ತಲೆಗೊಂದು ಒರಟು ಟೋಪಿ.

“ಇದೇನಮ್ಮಾ?”

“ಟೋಪಿ ಸಾಹುಕಾರ.”

ಮರುದಿನ ಅದೇ ಕಾರ್ಡು. “ಅಳಿಲಿನ ಬೀಗರು,” ಎಂದಳು ಅಜ್ಜಿ.

ಮೇಡಂ ಮೊಮ್ಮಗಳನ್ನು ಮಂಚದ ಕಾಲ ಬಳಿಗೆ ಕರೆದು ಕೇಳಿದರು, “ಮುಂಚೆ ಏನಂತಿದ್ರು ಇದಕ್ಕೆ?”

ಮೊಮ್ಮಗಳು ನೆನಪು ಕೆದಕಿದಳು. ಮನೆಯೆದುರಿನ ಓಕ್ ಮರದಿಂದ ಉದುರಿದ ಕಾಯಿಗಳೆಲ್ಲ ಅಜ್ಜಿಯ ಕತೆಯೊಳಗೆ ಬಂದು ಬೀಳುತ್ತಿದ್ದವು ನಿಜ. ಆದರೆ ಯಾವ ಹೆಸರೂ ಎರಡನೇ ಸಂಜೆ ಕಾಣುತ್ತಿರಲಿಲ್ಲ. ಬೋಳುತಲೆಯ ಸೇನಾಪತಿ ಮಾರನೆಯ ದಿನ ಮುನಿಸಿಕೊಂಡ ಮದುಮಗಳಾಗಿರುತ್ತಿದ್ದ. ಕೇಳಿದರೆ, “ನಿನ್ನೇದು ನಿನ್ನೇನೇ ಹಳಸಿಹೋಯ್ತು ಕಣೇ,” ಎನ್ನುತ್ತಿದ್ದಳು ಅಜ್ಜಿ.

“ಮೇಡಂ, ನಮ್ಮಜ್ಜಿ ಚೆನ್ನಾಗಿದ್ದಾಗ್ಲೂ ಹೀಗೇ.”

“ಹೀಗೇ ಅಂದ್ರೆ? ತಪ್ಪು ಹೇಳ್ತಿದ್ರಾ?”

“ತಪ್ಪಲ್ಲ. ಸರಿ ಅಂತಾನೂ ಅಲ್ಲ.”

“ನಿಮ್ಮನ್ನೂ ಒಂದ್ಸಲ ಕೂರಿಸಿ ಕಾರ್ಡು ತೋರಿಸ್ಬೇಕು,” ಎಂದು ಮೇಡಂ ನಕ್ಕರು.

“ಕಾರ್ಡಿನ ಹಿಂದೆ ಏನಂತಿದೆ?”

“ಏಕಾರ್ನ್. ಓಕ್ ಕಾಯಿಗೆ ಇಂಗ್ಲಿಷ್ ಹೆಸರು.”

ಮರುದಿನ ಅಜ್ಜಿ ಕಾರ್ಡು ನೋಡಿ “ಏಕಾರ್ನ್” ಎಂದಳು. ಅದರ ಮರುದಿನವೂ ಅಷ್ಟೇ, ಉಪ್ಪು ಖಾರ ಇಲ್ಲದ ದನಿಯಲ್ಲಿ. ಮೇಡಂ ಖುಷಿಯಾಗಿ ಮನೆಗೆ ಕಳಿಸಲು ಒಪ್ಪಿದರು.

ಮೊಮ್ಮಗಳಿಗೆ ಮಾತ್ರ ಅನುಮಾನ ಹತ್ತಿತು. ಮಂಚದ ಬಳಿ ಆಡಿದ ಮಾತು ಅಜ್ಜಿಯ ಕಿವಿಗೆ ಬಿದ್ದು, ಮನೆಗೆ ಹೋಗಲೆಂದೇ ಹಾಗೆ ಹೇಳಿದಳೋ? ಇಲ್ಲ, ಒಳಗಿದ್ದ ಸಾಹುಕಾರ, ಬೀಗರು ಎಲ್ಲ ಕಾಲ್ತೆಗೆದು, ಖಾಲಿ ಜಾಗದಲ್ಲಿ ಕಾರ್ಡಿನ ಹೆಸರು ಬಂದು ಕೂತಿತೋ? ಮನೆಗೆ ಕರೆದೊಯ್ಯುತ್ತಿರುವುದು ಯಾರನ್ನು?

ಗಾಲಿಕುರ್ಚಿ ತಳ್ಳುತ್ತಾ ಲಿಫ್ಟಿನವರೆಗೂ ತಡೆದುಕೊಂಡಳು. ಕೊನೆಗೆ ಎದುರು ಬಂದು ಕುಕ್ಕರುಗಾಲಲ್ಲಿ ಕೂತಳು.

“ಅಜ್ಜೀ, ಆ ಕಾಯಿಗೆ ಏನಂತಾರೆ?”

“ಯಾವ ಕಾಯಿ?”

ಅಜ್ಜಿಯ ತುಟಿಯ ಒಂದು ಕೊನೆ ಮೇಲಕ್ಕೆ ಎಳೆದುಕೊಂಡಿತ್ತು. ಆದರೆ ಲಕ್ವ ಹೊಡೆದಂದಿನಿಂದ ಅದು ಸದಾ ಹಾಗೇ ಇರುತ್ತಿತ್ತು. ಲಿಫ್ಟು ಬಂದು, ಬಾಗಿಲು ತೆರೆದು, ಮತ್ತೆ ಮುಚ್ಚಿಕೊಂಡಿತು. ಮೊಮ್ಮಗಳು ಕೂತೇ ಇದ್ದಳು, ಆ ಮುಖವನ್ನೇ ನೋಡುತ್ತಾ.